ಟ್ಯೂನಾ ತುಂಬಿದ ಬೇಕ್ಡ್ ಪಾಸ್ತಾ: ಡಬ್ಬಿ ಮೀನಿನಿಂದ ಮಾಡುವ ಬಗೆ

ಹೂರಣ ತುಂಬಿ ಬೇಕ್ ಮಾಡುವ ಪಾಸ್ತಾ ಸಾಮಾನ್ಯವಾಗಿ ಎರಡು ರೀತಿ ಕೆಡುತ್ತದೆ. ಒಂದೋ, ತಟ್ಟೆಗೆ ಬಡಿಸಿದ ಕೂಡಲೇ ಸುತ್ತಲೂ ತೆಳ್ಳಗೆ ನೀರು ಬಿಟ್ಟುಕೊಂಡು ಹೂರಣವೆಲ್ಲ ಕಲಸಿಹೋಗುತ್ತದೆ. ಇಲ್ಲವೇ, ಪಾಸ್ತಾದ ಅಂಚು ಒಣಗಿ ಅಗಿಯಲಾರದಷ್ಟು ಗಟ್ಟಿಯಾಗುತ್ತದೆ. ಎರಡಕ್ಕೂ ಕಾರಣ ಒಂದೇ. ನೀರು ಇರಬೇಕಾದ ಕಡೆ ಇಲ್ಲ, ಇರಬಾರದ ಕಡೆ ಇದೆ.

ಡಬ್ಬಿ ಮೀನು ಬಳಸುವಾಗ ಈ ಲೆಕ್ಕ ಇನ್ನೂ ಮುಖ್ಯ. ಮೀನಿನ ಜೊತೆಗೆ ಡಬ್ಬಿಯೊಳಗೆ ಎಣ್ಣೆಯೋ ಉಪ್ಪುನೀರೋ ಬಂದೇ ಬರುತ್ತದೆ. ಅದಕ್ಕೆ ಸೇರಿಸುವ ಚೀಸ್‌ನಲ್ಲೂ ನೀರಿದೆ. ಪಾಸ್ತಾ ಬೇಯಿಸಿದ ನೀರು ಅದರ ಮಡಚಿದ ಸಂದುಗಳಲ್ಲಿ ಸಿಕ್ಕಿಕೊಂಡಿರುತ್ತದೆ. ಹಾಗಾಗಿ ಈ ಅಡುಗೆಗೆ ಇಳಿಯುವ ಮೊದಲು ಒಂದು ಮಾತು ತಲೆಯಲ್ಲಿಟ್ಟುಕೊಳ್ಳಿ: ಹೂರಣ ಒಣಗಿರಬೇಕು, ಸಾಸ್ ತೆಳ್ಳಗಿರಬೇಕು. ಕೆಳಗೆ ಬರೆದಿರುವುದರಲ್ಲಿ ಹೆಚ್ಚಿನದು ಇದನ್ನು ಸಾಧಿಸುವ ದಾರಿ ಅಷ್ಟೇ.

ಯಾವ ಪಾಸ್ತಾ?

ನಾನಿಲ್ಲಿ ಚಿಪ್ಪಿನಾಕಾರದ ದೊಡ್ಡ ಪಾಸ್ತಾ ಬಳಸುತ್ತೇನೆ. ಇಟಲಿಯಲ್ಲಿ ಇದಕ್ಕೆ ಕೊಂಕಿಲ್ಯೋನಿ ಎನ್ನುತ್ತಾರೆ. ಕೆಲವು ಪೊಟ್ಟಣಗಳ ಮೇಲೆ ಜಂಬೋ ಶೆಲ್ಸ್ ಎಂದೂ ಇರುತ್ತದೆ. ಮೀನಿನ ಹೂರಣಕ್ಕೆ ಇದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಬಾಯಿ ತೆರೆದುಕೊಂಡಿರುವುದರಿಂದ ತುಂಬುವುದು ಸುಲಭ, ಸುಮ್ನೆ ಒಂದು ಚಮಚ ಸಾಕು. ಹೂರಣದ ಮೇಲ್ಭಾಗ ಓವನ್ನಿನ ಬಿಸಿಗೆ ನೇರವಾಗಿ ಸಿಕ್ಕಿ ಚೆನ್ನಾಗಿ ಕೆಂಪಗಾಗುತ್ತದೆ. ಹೊರಗಿನ ಗೆರೆಗಳಲ್ಲಿ ಸಾಸ್ ಕೂತುಕೊಳ್ಳುತ್ತದೆ.

ಕೊಳವೆಯಾಕಾರದ ಕ್ಯಾನೆಲೋನಿಯಲ್ಲೂ ಮಾಡಬಹುದು. ಲಜಾನ್ಯಾ ಹಾಳೆಗಳನ್ನು ಬೇಯಿಸಿ, ಹೂರಣ ಹರಡಿ ಸುರುಳಿ ಸುತ್ತಿದರೂ ನಡೆಯುತ್ತದೆ. ಕ್ಯಾನೆಲೋನಿಗೆ ಬೇಕಾದ ಬದಲಾವಣೆಗಳನ್ನು ಕೊನೆಯಲ್ಲಿ ಹೇಳಿದ್ದೇನೆ.

ಯಾವ ಮೀನು?

ಟ್ಯೂನಾ ಡಬ್ಬಿಗಳಲ್ಲಿ ಹಲವು ಬಗೆ ಇವೆ. ಸ್ಕಿಪ್‌ಜಾಕ್ ಜಾತಿಯ ಮೀನಿಗೆ ಬಣ್ಣ ಸ್ವಲ್ಪ ಗಾಢ, ರುಚಿ ಜಾಸ್ತಿ. ಆಲ್ಬಕೋರ್ ಬೆಳ್ಳಗಿರುತ್ತದೆ, ರುಚಿ ಮೆತ್ತಗೆ. ಚೀಸ್, ಟೊಮೆಟೊಗಳ ನಡುವೆ ಮೀನಿನ ರುಚಿ ಎದ್ದು ಕಾಣಬೇಕಾದರೆ ಸ್ಕಿಪ್‌ಜಾಕ್ ಅಥವಾ ಯೆಲ್ಲೋಫಿನ್ ತೆಗೆದುಕೊಳ್ಳಿ. ಆಲ್ಬಕೋರ್‌ನಲ್ಲಿ ಪಾದರಸದ ಪ್ರಮಾಣ ಸ್ಕಿಪ್‌ಜಾಕ್‌ಗಿಂತ ಜಾಸ್ತಿ ಇರುತ್ತದೆ. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ಮಾಡುವಾಗ ಇದನ್ನು ಗಮನದಲ್ಲಿಡಿ.

ಎಣ್ಣೆಯಲ್ಲಿರುವುದೋ ನೀರಿನಲ್ಲಿರುವುದೋ? ಈ ಅಡುಗೆಗೆ ನಾನು ಯಾವಾಗಲೂ ಆಲಿವ್ ಎಣ್ಣೆಯಲ್ಲಿಟ್ಟ ಟ್ಯೂನಾವನ್ನೇ ಆರಿಸುತ್ತೇನೆ. ಮೀನು ಡಬ್ಬಿಗೆ ಹೋಗುವ ಹೊತ್ತಿಗೇ ಒಮ್ಮೆ ಬೆಂದಿರುತ್ತದೆ. ಮುಚ್ಚಿದ ಮೇಲೆ ಡಬ್ಬಿಯೊಳಗೇ ಮತ್ತೊಮ್ಮೆ ಹೆಚ್ಚಿನ ಬಿಸಿಯಲ್ಲಿ ಬೇಯುತ್ತದೆ. ಈಗ ನಾವು ಅದನ್ನು ಓವನ್ನಿಗೆ ಬೇರೆ ಹಾಕುತ್ತಿದ್ದೇವೆ, ಅಂದರೆ ಮೂರನೇ ಸಲ ಬಿಸಿ. ನೀರಿನಲ್ಲಿದ್ದ ಮೀನು ಇಷ್ಟು ಹೊತ್ತಿಗೆ ಪುಡಿಪುಡಿಯಾಗಿ ನಾರುನಾರಾಗುತ್ತದೆ. ಎಣ್ಣೆಯಲ್ಲಿದ್ದದ್ದು ಮೆತ್ತಗೆ ಉಳಿಯುತ್ತದೆ. ನೀರಿನಲ್ಲಿರುವುದೇ ಮನೆಯಲ್ಲಿದ್ದರೆ ಬೇಜಾರಿಲ್ಲ, ಹೂರಣಕ್ಕೆ ಒಂದು ದೊಡ್ಡ ಚಮಚ ಆಲಿವ್ ಎಣ್ಣೆ ಹೆಚ್ಚಿಗೆ ಸೇರಿಸಿ.

ಡಬ್ಬಿಯ ಮೇಲೆ ಎರಡು ತೂಕ ಬರೆದಿರುತ್ತದೆ. ಒಂದು ಒಟ್ಟು ತೂಕ, ಇನ್ನೊಂದು ದ್ರವ ಬಸಿದ ಮೇಲಿನ ತೂಕ. ನಮಗೆ ಬೇಕಾದ್ದು ಎರಡನೆಯದು. 150 ಗ್ರಾಂ ಡಬ್ಬಿಯಲ್ಲಿ ಮೀನು ಅಷ್ಟೂ ಇರುವುದಿಲ್ಲ. ಅಲ್ಲದೆ ಚೂರುಚೂರಾದದ್ದಕ್ಕಿಂತ ದೊಡ್ಡ ತುಂಡುಗಳಿರುವ ಡಬ್ಬಿ ಒಳ್ಳೆಯದು. ತಿನ್ನುವಾಗ ಮೀನು ಹಲ್ಲಿಗೆ ಸಿಗಬೇಕಲ್ವಾ?

ಡಬ್ಬಿ ಉಬ್ಬಿದ್ದರೆ, ಸೋರುತ್ತಿದ್ದರೆ, ಅಂಚು ಜಜ್ಜಿಹೋಗಿದ್ದರೆ, ತೆರೆದಾಗ ರಸ ಚಿಮ್ಮಿದರೆ ಯೋಚಿಸದೆ ಬಿಸಾಡಿ. ರುಚಿ ನೋಡಿ ಪರೀಕ್ಷಿಸಲು ಹೋಗಬೇಡಿ. ಬಾಟ್ಯುಲಿಸಂ ಎಂಬ ಮಾರಕ ಕಾಯಿಲೆ ಉಂಟುಮಾಡುವ ವಿಷಕ್ಕೆ ರುಚಿ, ವಾಸನೆ ಇರಲೇಬೇಕೆಂದಿಲ್ಲ.

ಏನೇನು ಬೇಕು

ಇದು ನಾಲ್ಕು ಜನರಿಗೆ ಹೊಟ್ಟೆ ತುಂಬ ಆಗುವ ಅಳತೆ. ಸುಮಾರು 33 ಸೆಂ.ಮೀ. ಉದ್ದ, 23 ಸೆಂ.ಮೀ. ಅಗಲದ ಬೇಕಿಂಗ್ ಪಾತ್ರೆ ಇಟ್ಟುಕೊಳ್ಳಿ.

ಪಾಸ್ತಾ: ಚಿಪ್ಪಿನಾಕಾರದ ದೊಡ್ಡ ಪಾಸ್ತಾ 250 ಗ್ರಾಂ. ತಯಾರಕರನ್ನು ನೋಡಿಕೊಂಡು 25ರಿಂದ 30 ಚಿಪ್ಪು ಬರುತ್ತವೆ.

ಹೂರಣಕ್ಕೆ: ಬಸಿದ ಟ್ಯೂನಾ 220 ಗ್ರಾಂ, ರಿಕೋಟಾ ಚೀಸ್ 250 ಗ್ರಾಂ, ತುರಿದ ಪಾರ್ಮೆಸಾನ್ 40 ಗ್ರಾಂ, ಮೊಟ್ಟೆ 1, ಸಣ್ಣ ಈರುಳ್ಳಿ 1, ಬೆಳ್ಳುಳ್ಳಿ 1 ಎಸಳು, ಕೇಪರ್ (ಉಪ್ಪಿನಲ್ಲೋ ವಿನೆಗರ್‌ನಲ್ಲೋ ಇಟ್ಟ ಸಣ್ಣ ಹೂಮೊಗ್ಗು) 1 ದೊಡ್ಡ ಚಮಚ, ಅರ್ಧ ನಿಂಬೆಹಣ್ಣಿನ ಸಿಪ್ಪೆಯ ತುರಿ, ಸಣ್ಣಗೆ ಹೆಚ್ಚಿದ ಪಾರ್ಸ್ಲಿ ಒಂದು ಹಿಡಿ, ಕಾಳುಮೆಣಸಿನ ಪುಡಿ.

ಟೊಮೆಟೊ ಸಾಸ್‌ಗೆ: ಸೋಸಿದ ಟೊಮೆಟೊ ತಿರುಳು 700 ಗ್ರಾಂ (ಡಬ್ಬಿಯ ಇಡೀ ಟೊಮೆಟೊ ಕಿವುಚಿಕೊಂಡರೂ ಸರಿ), ಈರುಳ್ಳಿ 1, ಬೆಳ್ಳುಳ್ಳಿ 2 ಎಸಳು, ಆಲಿವ್ ಎಣ್ಣೆ 2 ದೊಡ್ಡ ಚಮಚ, ಬೇಸಿಲ್ ಎಲೆ ಕೆಲವು, ಉಪ್ಪು.

ವೈಟ್ ಸಾಸ್‌ಗೆ: ಬೆಣ್ಣೆ 25 ಗ್ರಾಂ, ಮೈದಾ 25 ಗ್ರಾಂ, ಹಾಲು 400 ಮಿಲಿ ಲೀಟರ್, ಜಾಯಿಕಾಯಿ ಚೂರು, ಉಪ್ಪು.

ಮೇಲೆ ಉದುರಿಸಲು: ಒಣ ಬ್ರೆಡ್ ಪುಡಿ 3 ದೊಡ್ಡ ಚಮಚ, ತುರಿದ ಪಾರ್ಮೆಸಾನ್ 20 ಗ್ರಾಂ, ಸ್ವಲ್ಪ ಆಲಿವ್ ಎಣ್ಣೆ.

ಮೊಝರೆಲ್ಲಾ ಯಾಕಿಲ್ಲ ಅಂತ ಕೇಳಬಹುದು. ಬೇಕಾದವರು ಮೇಲೆ 100 ಗ್ರಾಂ ಹಾಕಿಕೊಳ್ಳಬಹುದು. ಆದರೆ ದಪ್ಪಗೆ ಕರಗಿ ಎಳೆಎಳೆಯಾಗುವ ಚೀಸ್ ಕೆಳಗೆ ಮೀನು ಮರೆಯಾಗಿಬಿಡುತ್ತದೆ. ಟ್ಯೂನಾದ ಜೊತೆಗೆ ತೆಳ್ಳಗಿನ ವೈಟ್ ಸಾಸ್, ಅದರ ಮೇಲೆ ಗರಿಗರಿ ಬ್ರೆಡ್ ಪುಡಿ ಎಷ್ಟೋ ಚೆನ್ನಾಗಿ ಹೊಂದುತ್ತದೆ. ಮೀನಿಗೆ ಚೀಸ್ ಹಾಕಲೇಬಾರದು ಎನ್ನುವ ಇಟಲಿಯವರೂ ಬಹಳ ಮಂದಿ ಇದ್ದಾರೆ. ತಾಜಾ ಮೀನು, ಕಪ್ಪೆಚಿಪ್ಪಿನ ಪಾಸ್ತಾ ವಿಷಯದಲ್ಲಿ ನಾನು ಅವರ ಮಾತನ್ನು ಒಪ್ಪುತ್ತೇನೆ. ಡಬ್ಬಿ ಟ್ಯೂನಾಗೆ ರುಚಿ ಗಟ್ಟಿ, ಉಪ್ಪು ಮುಂದು. ಹಾಲಿನ ಸಪ್ಪೆತನ ಇರುವ ರಿಕೋಟಾ ಅದನ್ನು ಸಮ ಮಾಡುತ್ತದೆ.

ಮೊದಲ ಕೆಲಸ: ಬಸಿಯುವುದು

ಒಲೆ ಹಚ್ಚುವ ಮೊದಲೇ ಇದನ್ನು ಮುಗಿಸಿ. ಜರಡಿಯ ಮೇಲೆ ತೆಳ್ಳಗಿನ ಬಟ್ಟೆ ಹಾಸಿ, ರಿಕೋಟಾ ಸುರಿದು, ಕೆಳಗೊಂದು ಬಟ್ಟಲಿಟ್ಟು ಫ್ರಿಜ್‌ನಲ್ಲಿಡಿ. ಅರ್ಧ ಗಂಟೆಯಾದರೂ ಬೇಕು, ಒಂದು ಗಂಟೆ ಆದರೆ ಇನ್ನೂ ಒಳ್ಳೆಯದು. ಬಟ್ಟಲಿಗೆ ಇಳಿದ ನೀರು ನೋಡಿದರೆ ಈ ಕಾಯುವಿಕೆ ಯಾಕೆಂದು ಗೊತ್ತಾಗುತ್ತದೆ. ಇಲ್ಲಿ ಇಳಿಯದ ನೀರು ಆಮೇಲೆ ತಟ್ಟೆಯಲ್ಲಿ ಇಳಿಯುತ್ತದೆ.

ರಿಕೋಟಾ ಸಿಗದಿದ್ದರೆ ಎರಡು ಲೀಟರ್ ಗಟ್ಟಿ ಹಾಲು ಕಾಯಿಸಿ. ಇನ್ನೇನು ಕುದಿ ಬರಬೇಕು ಎನ್ನುವಾಗ ಉರಿ ಆರಿಸಿ, ನಾಲ್ಕೈದು ದೊಡ್ಡ ಚಮಚ ನಿಂಬೆರಸ ಅಥವಾ ವಿನೆಗರ್ ಹಾಕಿ ಒಮ್ಮೆ ನಿಧಾನಕ್ಕೆ ತಿರುಗಿಸಿ. ಹತ್ತು ನಿಮಿಷ ಹಾಗೇ ಬಿಟ್ಟು, ಬಟ್ಟೆಗೆ ಸುರಿದು ಬಸಿಯಿರಿ. ಹಿಂಡಿ ಕಲ್ಲಿನಷ್ಟು ಗಟ್ಟಿ ಮಾಡಬೇಡಿ, ಚಮಚದಲ್ಲಿ ಹರಡುವಷ್ಟು ಮೆತ್ತಗಿರಲಿ. ನಿಜವಾದ ರಿಕೋಟಾವನ್ನು ಚೀಸ್ ಮಾಡಿ ಉಳಿದ ಹಾಲೊಡಕಿನ ನೀರಿನಿಂದ ತೆಗೆಯುತ್ತಾರೆ. ಇದು ಅದಲ್ಲ, ಆದರೆ ಹೂರಣಕ್ಕೆ ಧಾರಾಳವಾಗಿ ಆಗುತ್ತದೆ.

ಟ್ಯೂನಾ ಡಬ್ಬಿ ತೆರೆದು ಇನ್ನೊಂದು ಜರಡಿಗೆ ಹಾಕಿ. ಎಣ್ಣೆ ಕೆಳಗೆ ಇಳಿಯಲಿ. ಚಮಚದ ಬೆನ್ನಿನಿಂದ ಮೆಲ್ಲಗೆ ಒತ್ತಿ, ಆದರೆ ಕೈಯಲ್ಲಿ ಹಿಂಡಬೇಡಿ. ಪೂರ್ತಿ ಹಿಂಡಿದರೆ ಮೀನು ಒಣಗಿ ಸಪ್ಪೆಯಾಗುತ್ತದೆ. ಎಣ್ಣೆಯನ್ನು ಚೆಲ್ಲಬೇಡಿ! ಒಳ್ಳೆಯ ಆಲಿವ್ ಎಣ್ಣೆಯಾಗಿದ್ದರೆ ಮೀನಿನ ರುಚಿಯೆಲ್ಲ ಅದರಲ್ಲಿ ಇಳಿದಿರುತ್ತದೆ. ಹೂರಣದ ಈರುಳ್ಳಿ ಹುರಿಯಲು ಅದನ್ನೇ ಬಳಸುತ್ತೇವೆ. ನೀರಿನಲ್ಲಿದ್ದ ಮೀನಾದರೆ ಮಾತ್ರ ಆ ನೀರು ಬೇಡ.

ಕೇಪರ್ ಉಪ್ಪಿನಲ್ಲಿಟ್ಟದ್ದಾದರೆ ಹತ್ತು ನಿಮಿಷ ನೀರಿನಲ್ಲಿ ನೆನೆಸಿ ತೊಳೆಯಿರಿ. ವಿನೆಗರ್‌ನಲ್ಲಿಟ್ಟದ್ದಾದರೆ ಸುಮ್ನೆ ತೊಳೆದರೆ ಸಾಕು. ಎರಡೂ ಬಗೆಯವನ್ನು ಕೊನೆಗೆ ಬಟ್ಟೆಯಲ್ಲಿ ಒತ್ತಿ ಒರೆಸಿ.

ಟೊಮೆಟೊ ಸಾಸ್

ಅಗಲ ಬಾಣಲೆಯಲ್ಲಿ ಆಲಿವ್ ಎಣ್ಣೆ ಬಿಸಿ ಮಾಡಿ, ಸಣ್ಣಗೆ ಹೆಚ್ಚಿದ ಈರುಳ್ಳಿಯನ್ನು ಚಿಟಿಕೆ ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಬಾಡಿಸಿ. ಕೆಂಪಗಾಗಬಾರದು, ಮೆತ್ತಗೆ ಹೊಳಪಾಗಬೇಕು. ಏಳೆಂಟು ನಿಮಿಷ ಹಿಡಿಯುತ್ತದೆ. ಜಜ್ಜಿದ ಬೆಳ್ಳುಳ್ಳಿ ಹಾಕಿ, ಪರಿಮಳ ಬಂದ ಕೂಡಲೇ ಟೊಮೆಟೊ ಸುರಿಯಿರಿ. ಅರ್ಧ ಟೀ ಚಮಚ ಉಪ್ಪು ಹಾಕಿ 15 ನಿಮಿಷ ಮೆಲ್ಲಗೆ ಕುದಿಸಿ. ಹುಳಿ ಜಾಸ್ತಿ ಎನಿಸಿದರೆ ಚಿಟಿಕೆ ಸಕ್ಕರೆ. ಉರಿ ಆರಿಸಿ ಬೇಸಿಲ್ ಎಲೆಗಳನ್ನು ಕೈಯಲ್ಲೇ ಹರಿದು ಹಾಕಿ.

ಇಲ್ಲಿಗೆ ಒಳ್ಳೆಯ ಸಾಸ್ ಆಯಿತು. ಆದರೆ ಬೇಕ್ ಮಾಡಲು ಇದು ಇನ್ನೂ ಗಟ್ಟಿ. ನಾವು ಪಾಸ್ತಾವನ್ನು ಅರೆಬೇಯಿಸಿ ಇಡುತ್ತೇವೆ. ಉಳಿದ ಬೇಯುವಿಕೆಗೆ ಅದು ನೀರನ್ನು ಈ ಸಾಸ್‌ನಿಂದಲೇ ಹೀರಿಕೊಳ್ಳಬೇಕು. ಓವನ್ನಿನ ಬಿಸಿಗೂ ಒಂದಷ್ಟು ಆವಿಯಾಗಿ ಹೋಗುತ್ತದೆ. ಹಾಗಾಗಿ ಪಾಸ್ತಾ ಬೆಂದ ನೀರನ್ನು 150 ಮಿಲಿ ಲೀಟರ್‌ನಷ್ಟು ಇದಕ್ಕೆ ಸೇರಿಸಿ. ಚಮಚ ಎತ್ತಿದಾಗ ಸಾಸ್ ಮುದ್ದೆಯಾಗಿ ಬೀಳದೆ ಧಾರೆಯಾಗಿ ಇಳಿಯಬೇಕು. ನೋಡುವಾಗ ನೀರಾಯಿತೇನೋ ಎನಿಸುತ್ತದೆ. ಓವನ್‌ನಿಂದ ಬರುವ ಹೊತ್ತಿಗೆ ಸರಿಯಾಗಿರುತ್ತದೆ.

ವೈಟ್ ಸಾಸ್

ಬೆಣ್ಣೆ ಕರಗಿಸಿ, ಮೈದಾ ಹಾಕಿ, ಸಣ್ಣ ಉರಿಯಲ್ಲಿ ಎರಡು ನಿಮಿಷ ತಿರುಗಿಸಿ. ಹಸಿವಾಸನೆ ಹೋಗಬೇಕು, ಬಣ್ಣ ಬರಬಾರದು. ಬೆಚ್ಚಗಿನ ಹಾಲನ್ನು ಮೊದಲು ಸ್ವಲ್ಪವೇ ಹಾಕಿ ಗಂಟಿಲ್ಲದಂತೆ ಕಲಸಿ, ಆಮೇಲೆ ಉಳಿದದ್ದು ಸುರಿಯಿರಿ. ಕುದಿ ಬಂದ ಮೇಲೆ ಐದು ನಿಮಿಷ ಬೇಯಿಸಿ. ಉಪ್ಪು, ತುರಿದ ಜಾಯಿಕಾಯಿ ಹಾಕಿ. ಗಂಟಾದರೆ ಸೋಸಿದರಾಯಿತು. ಇದೂ ತೆಳ್ಳಗೇ ಇರಲಿ.

ಪಾಸ್ತಾ ಬೇಯಿಸುವುದು

ದೊಡ್ಡ ಪಾತ್ರೆಯಲ್ಲಿ ಮೂರು ಲೀಟರ್ ನೀರು, ಲೀಟರಿಗೆ 8ರಿಂದ 10 ಗ್ರಾಂ ಉಪ್ಪು. ನೀರು ಚೆನ್ನಾಗಿ ಕುದಿಯುವಾಗ ಪಾಸ್ತಾ ಹಾಕಿ. ಮೊದಲ ಎರಡು ನಿಮಿಷ ಮರದ ಸೌಟಿನಿಂದ ಮೆಲ್ಲಗೆ ತಿರುಗಿಸುತ್ತಿರಿ. ಹಿಟ್ಟಿನ ಅಂಟು ಬಿಡುವುದು ಆಗಲೇ, ಒಂದಕ್ಕೊಂದು ಕಚ್ಚಿಕೊಳ್ಳುವುದೂ ಆಗಲೇ. ನೀರಿಗೆ ಎಣ್ಣೆ ಹಾಕುವ ಅಭ್ಯಾಸ ಕೆಲವರಿಗಿದೆ. ಅದು ನೀರಿನ ಮೇಲೆ ತೇಲುತ್ತದೆ, ಬಸಿಯುವಾಗ ಪಾಸ್ತಾಗೆ ಮೆತ್ತಿಕೊಂಡು ಸಾಸ್ ಹಿಡಿಯದಂತೆ ಮಾಡುತ್ತದೆ. ಬೇಡ.

ಪೊಟ್ಟಣದ ಮೇಲೆ ಬರೆದ ಸಮಯಕ್ಕಿಂತ ಮೂರು ನಾಲ್ಕು ನಿಮಿಷ ಮೊದಲೇ ತೆಗೆಯಿರಿ. ಬಾಗಬೇಕು, ಆದರೆ ಕಚ್ಚಿದರೆ ನಡುವೆ ಇನ್ನೂ ಗಟ್ಟಿ ಬಿಳಿ ಗೆರೆ ಕಾಣಬೇಕು. ಪೂರ್ತಿ ಬೆಂದ ಚಿಪ್ಪು ಕೈಯಲ್ಲಿ ಹಿಡಿದರೆ ಹರಿಯುತ್ತದೆ, ಓವನ್ನಿನಲ್ಲಿ ಕರಗಿಹೋಗುತ್ತದೆ. ಈ ಅಡುಗೆಯಲ್ಲಿ ಗಡಿಯಾರ ನೋಡಲೇಬೇಕಾದ ಜಾಗ ಇದೊಂದೇ.

ಬಸಿಯುವ ಮೊದಲು ಒಂದು ಲೋಟ ನೀರು ತೆಗೆದಿಡಿ. ದಬದಬನೆ ಜರಡಿಗೆ ಸುರಿದರೆ ಚಿಪ್ಪುಗಳು ಒಡೆಯುತ್ತವೆ, ಜಾಲರಿ ಸೌಟಿನಿಂದ ಎತ್ತುವುದು ಒಳ್ಳೆಯದು. ಸಾಮಾನ್ಯವಾಗಿ ಪಾಸ್ತಾವನ್ನು ತಣ್ಣೀರಿನಲ್ಲಿ ತೊಳೆಯಬಾರದು ಎನ್ನುತ್ತೇವೆ. ಇಲ್ಲಿ ಮಾತ್ರ ಒಮ್ಮೆ ತಣ್ಣೀರಿಗೆ ಅದ್ದಿ ತೆಗೆಯಿರಿ. ಬೇಯುವುದು ಅಲ್ಲಿಗೇ ನಿಲ್ಲುತ್ತದೆ, ಕೈ ಸುಡುವುದಿಲ್ಲ. ಆಮೇಲೆ ಸ್ವಚ್ಛ ಬಟ್ಟೆಯ ಮೇಲೆ ಬಾಯಿ ಕೆಳಗೆ ಮಾಡಿ ಒಂದೊಂದನ್ನೇ ಬೋರಲು ಹಾಕಿ. ಒಳಗೆ ನಿಂತ ನೀರೆಲ್ಲ ಇಳಿದುಹೋಗುತ್ತದೆ. ಒಂದರ ಮೇಲೊಂದು ಪೇರಿಸಿಟ್ಟರೆ ಆರುವಾಗ ಅಂಟಿಕೊಳ್ಳುತ್ತವೆ.

ನಾಲ್ಕೈದು ಚಿಪ್ಪು ಹೇಗೂ ಹರಿಯುತ್ತವೆ. ಅದಕ್ಕೇ ಬೇಕಾದ್ದಕ್ಕಿಂತ ಕೆಲವು ಹೆಚ್ಚಿಗೆ ಬೇಯಿಸುವುದು. ಹರಿದವನ್ನು ಪಾತ್ರೆಯ ತಳದಲ್ಲಿ ಸಾಸ್ ಜೊತೆ ಹಾಸಿಬಿಡಿ.

ಹೂರಣ

ತೆಗೆದಿಟ್ಟ ಟ್ಯೂನಾ ಎಣ್ಣೆಯಲ್ಲಿ ಒಂದೂವರೆ ದೊಡ್ಡ ಚಮಚದಷ್ಟು ಬಾಣಲೆಗೆ ಹಾಕಿ, ತೀರ ಸಣ್ಣಗೆ ಹೆಚ್ಚಿದ ಈರುಳ್ಳಿ ಬಾಡಿಸಿ. ಹಸಿ ಈರುಳ್ಳಿ ಹಾಕಲೇಬೇಡಿ. ಅದು ಚಿಪ್ಪಿನೊಳಗೆ ಬೇಯುವುದಿಲ್ಲ, ನೀರು ಮಾತ್ರ ಬಿಡುತ್ತದೆ. ಬೆಳ್ಳುಳ್ಳಿ, ಕೇಪರ್ ಸೇರಿಸಿ ಇನ್ನೊಂದು ನಿಮಿಷ ಹುರಿದು ಇಳಿಸಿ. ಪೂರ್ತಿ ಆರಬೇಕು. ಬಿಸಿ ಇರುವಾಗಲೇ ಬೆರೆಸಿದರೆ ಮೊಟ್ಟೆ ಅಲ್ಲಲ್ಲೇ ಗಟ್ಟಿಯಾಗಿಬಿಡುತ್ತದೆ.

ಟ್ಯೂನಾವನ್ನು ಹೂರಣದ ಬಾಣಲೆಯಲ್ಲಿ ಹುರಿಯುವವರಿದ್ದಾರೆ. ನನಗದು ಸರಿ ಕಾಣುವುದಿಲ್ಲ. ಈಗಾಗಲೇ ಎರಡು ಸಲ ಬೆಂದ ಮೀನಿಗೆ ಓವನ್ನಿನ ಬಿಸಿಯೇ ಹೆಚ್ಚು.

ಅಗಲ ಬೋಗುಣಿಗೆ ಬಸಿದ ರಿಕೋಟಾ ಹಾಕಿ ಫೋರ್ಕ್‌ನಿಂದ ಮೆದುವಾಗುವಂತೆ ಕಲಸಿ. ಪಾರ್ಮೆಸಾನ್, ಆರಿದ ಈರುಳ್ಳಿ, ನಿಂಬೆ ಸಿಪ್ಪೆಯ ತುರಿ, ಪಾರ್ಸ್ಲಿ, ಧಾರಾಳವಾಗಿ ಕಾಳುಮೆಣಸು ಸೇರಿಸಿ. ನಿಂಬೆಯ ಹಳದಿ ಪದರವನ್ನಷ್ಟೇ ತುರಿಯಿರಿ, ಒಳಗಿನ ಬಿಳಿ ಭಾಗ ಕಹಿ. ನಿಂಬೆರಸ ಹಿಂಡಬೇಡಿ, ಅದೂ ನೀರೇ ಅಲ್ವಾ? ಬೇಕಿದ್ದರೆ ತಿನ್ನುವಾಗ ಮೇಲೆ ಹಿಂಡಿಕೊಂಡರಾಯಿತು. ಕೊನೆಗೆ ಟ್ಯೂನಾ ಹಾಕಿ. ಬೆರಳಿನಿಂದ ದೊಡ್ಡ ತುಂಡುಗಳನ್ನು ಸ್ವಲ್ಪ ಬಿಡಿಸಿ, ಮೇಲೆ ಕೆಳಗೆ ಮಾಡಿ ಸೇರಿಸಿ. ಮಿಕ್ಸಿಗೆ ಹಾಕಿದರೆ ಎಲ್ಲವೂ ಒಂದೇ ಬಣ್ಣದ ನುಣ್ಣನೆ ಪೇಸ್ಟ್ ಆಗಿ, ತಿನ್ನುವವರಿಗೆ ಮೀನು ಎಲ್ಲಿದೆ ಅಂತಲೇ ತಿಳಿಯುವುದಿಲ್ಲ.

ಈಗ ರುಚಿ ನೋಡಿ, ಮೊಟ್ಟೆ ಹಾಕುವ ಮೊದಲೇ. ಟ್ಯೂನಾ, ಕೇಪರ್, ಪಾರ್ಮೆಸಾನ್ ಮೂರರಲ್ಲೂ ಉಪ್ಪಿದೆ. ಹೆಚ್ಚಿನ ಸಲ ಬೇರೆ ಉಪ್ಪು ಬೇಕಾಗುವುದಿಲ್ಲ. ಸರಿ ಎನಿಸಿದ ಮೇಲೆ ಮೊಟ್ಟೆ ಒಡೆದು ಕದಡಿ ಬೆರೆಸಿ. ಹೂರಣ ಹಿಡಿದು ನಿಲ್ಲಲು ಅದು ಬೇಕು. ಮೊಟ್ಟೆ ಬೇಡದವರು ಎರಡು ಮೂರು ದೊಡ್ಡ ಚಮಚ ಬ್ರೆಡ್ ಪುಡಿ ಹಾಕಿ ಹತ್ತು ನಿಮಿಷ ಬಿಡಿ, ಅದು ನೀರು ಹೀರಿ ಹೂರಣವನ್ನು ಕಟ್ಟುತ್ತದೆ.

ಹದ ತಿಳಿಯುವುದು ಹೀಗೆ: ಒಂದು ಚಮಚ ಹೂರಣ ತೆಗೆದು ಚಮಚವನ್ನು ಓರೆ ಮಾಡಿ. ಜಾರದೆ ಅಲ್ಲೇ ನಿಂತರೆ ಸರಿ. ತಾನಾಗಿ ಜಾರಿ ಬಿದ್ದರೆ ನೀರು ಜಾಸ್ತಿ, ಬ್ರೆಡ್ ಪುಡಿ ಒಂದು ಚಮಚ ಸೇರಿಸಿ ಮತ್ತೆ ನೋಡಿ.

ತುಂಬಿ ಜೋಡಿಸುವುದು

ಓವನ್ನನ್ನು 190 ಡಿಗ್ರಿ ಸೆಲ್ಸಿಯಸ್‌ಗೆ ಕಾಯಲು ಇಡಿ. ಫ್ಯಾನ್ ಇರುವ ಓವನ್ ಆದರೆ 170 ಸಾಕು.

ಬೇಕಿಂಗ್ ಪಾತ್ರೆಯ ತಳಕ್ಕೆ ಟೊಮೆಟೊ ಸಾಸ್‌ನ ಮುಕ್ಕಾಲು ಭಾಗ ಸುರಿದು ಹರಡಿ. ಎಡಗೈಯಲ್ಲಿ ಚಿಪ್ಪನ್ನು ಹಿಡಿದು, ಹೆಬ್ಬೆರಳಿನಿಂದ ಬಾಯಿ ಅಗಲಿಸಿ, ಒಂದೂವರೆ ದೊಡ್ಡ ಚಮಚದಷ್ಟು ಹೂರಣ ತುಂಬಿ. ಚಿಪ್ಪು ಮುಕ್ಕಾಲು ಮುಚ್ಚುವಷ್ಟು ತುಂಬಿದರೆ ಚಂದ. ತೀರ ಬಿಗಿಯಾಗಿ ತುರುಕಿದರೆ ಬಿಸಿಗೆ ಹೂರಣ ಉಬ್ಬಿ ಪಾಸ್ತಾ ಸೀಳುತ್ತದೆ. ಬಾಯಿ ಮೇಲಾಗಿ ಒಂದರ ಪಕ್ಕ ಒಂದು ಒತ್ತಾಗಿ ಜೋಡಿಸಿ. ಸಡಿಲವಾಗಿಟ್ಟರೆ ಅತ್ತ ಇತ್ತ ವಾಲಿ ಹೂರಣ ಸಾಸ್‌ಗೆ ಬೀಳುತ್ತದೆ.

ಉಳಿದ ಟೊಮೆಟೊ ಸಾಸನ್ನು ಚಿಪ್ಪುಗಳ ನಡುವಿನ ಸಂದಿಗಳಿಗೆ ಹಾಕಿ. ವೈಟ್ ಸಾಸನ್ನು ಮೇಲಿಂದ ಹನಿಸುತ್ತಾ ಹೋಗಿ. ಮುಖ್ಯವಾಗಿ ಪಾಸ್ತಾದ ಹೊರ ಅಂಚುಗಳು ಒದ್ದೆಯಾಗಬೇಕು. ಸಾಸ್ ತಾಗದೆ ಒಣಗಿ ನಿಂತ ಅಂಚೇ ಆಮೇಲೆ ಗಟ್ಟಿಯಾಗುವುದು. ಪಾತ್ರೆಯ ನಾಲ್ಕು ಮೂಲೆಗಳನ್ನು ಇನ್ನೊಮ್ಮೆ ನೋಡಿ, ಸಾಸ್ ತಲುಪದೆ ಉಳಿಯುವುದು ಸಾಮಾನ್ಯವಾಗಿ ಅಲ್ಲೇ.

ಬ್ರೆಡ್ ಪುಡಿಗೆ ಪಾರ್ಮೆಸಾನ್, ಒಂದು ಟೀ ಚಮಚ ಎಣ್ಣೆ ಬೆರೆಸಿ ಇಟ್ಟುಕೊಳ್ಳಿ. ಈಗಲೇ ಉದುರಿಸಬೇಡಿ.

ಬೇಕ್ ಮಾಡುವುದು

ಪಾತ್ರೆಯನ್ನು ಅಲ್ಯೂಮಿನಿಯಂ ಫಾಯಿಲ್‌ನಿಂದ ಬಿಗಿಯಾಗಿ ಮುಚ್ಚಿ. ಫಾಯಿಲ್ ಸಾಸ್‌ಗೆ ತಾಗದಂತೆ ನಡುವೆ ಸ್ವಲ್ಪ ಎತ್ತರಿಸಿ. ಟೊಮೆಟೊದ ಹುಳಿ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ, ಊಟಕ್ಕೆ ಲೋಹದ ರುಚಿ ಬರುತ್ತದೆ. ಓವನ್ನಿನ ನಡುವಿನ ಅಂತಸ್ತಿನಲ್ಲಿಟ್ಟು 25 ನಿಮಿಷ ಬೇಯಿಸಿ. ಈ ಹೊತ್ತಿನಲ್ಲಿ ಮುಚ್ಚಳದೊಳಗಿನ ಆವಿಯೇ ಪಾಸ್ತಾವನ್ನು ಬೇಯಿಸುತ್ತದೆ. ನಡುವೆ ತೆರೆದು ನೋಡುವ ಆಸೆ ಆಗುತ್ತದೆ. ತೆರೆದರೆ ಆವಿ ಹೋಯಿತು.

ಆಮೇಲೆ ಫಾಯಿಲ್ ತೆಗೆಯಿರಿ, ಬಿಸಿ ಆವಿ ಮುಖಕ್ಕೆ ಹೊಡೆಯದಂತೆ ಆಚೆ ಬದಿಯಿಂದ ಎತ್ತಿ. ಬ್ರೆಡ್ ಪುಡಿ ಉದುರಿಸಿ ಇನ್ನು 10ರಿಂದ 12 ನಿಮಿಷ ತೆರೆದೇ ಬೇಯಲಿ. ಅಂಚಿನಲ್ಲಿ ಸಾಸ್ ಗುಳುಗುಳು ಕುದಿಯುತ್ತಿರಬೇಕು, ಮೇಲೆ ಹೊಂಬಣ್ಣ ಬಂದಿರಬೇಕು. ಬಣ್ಣ ಸಾಲದಿದ್ದರೆ ಕೊನೆಯ ಎರಡು ನಿಮಿಷ ಗ್ರಿಲ್ ಹಾಕಿ ಪಕ್ಕದಲ್ಲೇ ನಿಂತು ನೋಡಿ. ಹೂರಣದಲ್ಲಿ ಮೊಟ್ಟೆ ಇರುವುದರಿಂದ ನಡುವಿನವರೆಗೂ ಬಿಸಿ ಮುಟ್ಟಬೇಕು. ಅಡುಗೆಯ ಥರ್ಮಾಮೀಟರ್ ಇದ್ದರೆ ನಡುವಿನ ಚಿಪ್ಪಿಗೆ ಚುಚ್ಚಿ, 74 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು. ಇಲ್ಲದಿದ್ದರೆ ಚಾಕು ಚುಚ್ಚಿ ಹತ್ತು ಸೆಕೆಂಡ್ ಬಿಟ್ಟು ತೆಗೆಯಿರಿ. ತುದಿ ಮುಟ್ಟಲಾರದಷ್ಟು ಬಿಸಿಯಾಗಿದ್ದರೆ ಒಳಗೂ ಕಾದಿದೆ.

ಹೊರಗೆ ತೆಗೆದು ಹತ್ತು ನಿಮಿಷ ಮುಟ್ಟದೆ ಬಿಡಿ. ಹಸಿದವರಿಗೆ ಇದು ಕಷ್ಟ, ಗೊತ್ತು. ಆದರೆ ಬಿಸಿ ಇರುವಾಗ ಹೂರಣ ಸಡಿಲ, ಆರುತ್ತಾ ಹೋದಂತೆ ಬಿಗಿಯಾಗುತ್ತದೆ. ಸಾಸ್ ಕೂಡ ಪಾಸ್ತಾದೊಳಗೆ ಇಳಿದು ಗಟ್ಟಿಯಾಗುತ್ತದೆ. ಕೂಡಲೇ ಬಡಿಸಿದರೆ ಇಷ್ಟು ಹೊತ್ತು ಕಾಪಾಡಿದ ನೀರಿನ ಲೆಕ್ಕ ತಟ್ಟೆಯಲ್ಲಿ ತಪ್ಪುತ್ತದೆ.

ಓವನ್ ಇಲ್ಲದಿದ್ದರೆ

ದಪ್ಪ ತಳದ ಅಗಲ ಪಾತ್ರೆ, ಬಿಗಿಯಾದ ಮುಚ್ಚಳ ಇದ್ದರೆ ಒಲೆಯ ಮೇಲೂ ಆಗುತ್ತದೆ. ಅದೇ ರೀತಿ ಜೋಡಿಸಿ, ಸಾಸ್‌ಗೆ ಅರ್ಧ ಲೋಟ ನೀರು ಹೆಚ್ಚಿಗೆ ಸೇರಿಸಿ, ತೀರ ಸಣ್ಣ ಉರಿಯಲ್ಲಿ 25 ನಿಮಿಷ ಮುಚ್ಚಿ ಬೇಯಿಸಿ. ತಳ ಹಿಡಿಯದಂತೆ ಒಂದೆರಡು ಸಲ ಪಾತ್ರೆ ಅಲ್ಲಾಡಿಸಿ. ಮೇಲಿನ ಗರಿಗರಿ ಮಾತ್ರ ಬರುವುದಿಲ್ಲ. ಬ್ರೆಡ್ ಪುಡಿಯನ್ನು ಬೇರೆ ಬಾಣಲೆಯಲ್ಲಿ ಎಣ್ಣೆ ಹಾಕಿ ಕೆಂಪಗೆ ಹುರಿದು ಬಡಿಸುವಾಗ ಉದುರಿಸಿ, ಕೊರತೆ ತುಂಬುತ್ತದೆ.

ಬೇರೆ ಮೀನು, ಬೇರೆ ಪಾಸ್ತಾ

ಡಬ್ಬಿ ಸಾಲ್ಮನ್ ಬಳಸಿದರೆ ಚರ್ಮ ತೆಗೆಯಿರಿ. ಮುಳ್ಳುಗಳು ಡಬ್ಬಿಯ ಬಿಸಿಗೇ ಮೆತ್ತಗಾಗಿರುತ್ತವೆ, ಬೆರಳಲ್ಲಿ ಹಿಸುಕಿ ಬೆರೆಸಿಬಿಡಿ, ಕ್ಯಾಲ್ಸಿಯಂ ಇರುವುದೇ ಅದರಲ್ಲಿ. ಇದಕ್ಕೆ ಟೊಮೆಟೊ ಸಾಸ್‌ಗಿಂತ ವೈಟ್ ಸಾಸ್ ಜಾಸ್ತಿ ಹೊಂದುತ್ತದೆ, ಪಾರ್ಸ್ಲಿ ಬದಲು ಸಬ್ಬಸಿಗೆ ಹಾಕಿ.

ಸಾರ್ಡೀನ್ ರುಚಿ ಗಟ್ಟಿ, ಅದಕ್ಕೆ ಸಿಹಿ ಬೇಕು. ಇಟಲಿಯ ಸಿಸಿಲಿ ದ್ವೀಪದಲ್ಲಿ ಸಾರ್ಡೀನ್ ಪಾಸ್ತಾಗೆ ಒಣದ್ರಾಕ್ಷಿ, ಪೈನ್ ಬೀಜ, ಕಾಡು ಫೆನೆಲ್ (ಸೋಂಪಿನ ಗಿಡ) ಸೊಪ್ಪು ಹಾಕುವ ಹಳೆಯ ಪದ್ಧತಿ ಇದೆ, ಮೇಲೆ ಹುರಿದ ಬ್ರೆಡ್ ಪುಡಿ. ಆ ಜೋಡಿಯನ್ನು ಹಾಗೇ ಹೂರಣಕ್ಕೆ ತಂದುಕೊಳ್ಳಬಹುದು. ಕೇಪರ್ ತೆಗೆದು ಎರಡು ದೊಡ್ಡ ಚಮಚ ಒಣದ್ರಾಕ್ಷಿ, ಅಷ್ಟೇ ಹುರಿದ ಪೈನ್ ಬೀಜ ಹಾಕಿ. ಈ ರೂಪ ನನಗೆ ಟ್ಯೂನಾಗಿಂತಲೂ ಇಷ್ಟ. ಟೊಮೆಟೊ ಸಾಸ್‌ನಲ್ಲೇ ಇಟ್ಟ ಸಾರ್ಡೀನ್ ಡಬ್ಬಿ ಮಾತ್ರ ಇದಕ್ಕೆ ಬೇಡ, ಹೂರಣ ಒದ್ದೆಯಾಗುತ್ತದೆ.

ಪಾಲಕ್ ಸೇರಿಸುವ ಆಸೆ ಇದ್ದರೆ 200 ಗ್ರಾಂ ಸೊಪ್ಪನ್ನು ಕುದಿಯುವ ನೀರಿಗೆ ಹಾಕಿ ತೆಗೆದು, ಆರಿದ ಮೇಲೆ ಎರಡು ಕೈಯಲ್ಲೂ ಹಿಂಡಿ. ಸಾಕು ಎನಿಸಿದ ಮೇಲೆ ಇನ್ನೊಮ್ಮೆ ಹಿಂಡಿ. ಸೊಪ್ಪು ಹಿಡಿದಿಟ್ಟುಕೊಳ್ಳುವ ನೀರು ನಂಬಲಾಗದಷ್ಟು.

ಕ್ಯಾನೆಲೋನಿ ಕೊಳವೆಗಳನ್ನು ಹಲವು ತಯಾರಕರು ಬೇಯಿಸದೆ ತುಂಬುವಂತೆ ಮಾಡಿರುತ್ತಾರೆ, ಪೊಟ್ಟಣ ನೋಡಿ. ಹಾಗಿದ್ದರೆ ಹೂರಣವನ್ನು ಮೂಲೆ ಕತ್ತರಿಸಿದ ಗಟ್ಟಿ ಪ್ಲಾಸ್ಟಿಕ್ ಚೀಲದಿಂದ ಎರಡೂ ಕಡೆಯಿಂದ ಒತ್ತಿ ತುಂಬಿ. ಚೀಲದ ತುದಿಯಲ್ಲಿ ಸಿಕ್ಕಿಕೊಳ್ಳದಂತೆ ಮೀನನ್ನು ಇನ್ನಷ್ಟು ಸಣ್ಣಗೆ ಬಿಡಿಸಬೇಕಾಗುತ್ತದೆ. ಇಲ್ಲಿ ಪಾಸ್ತಾ ಹಸಿಯದು, ಹಾಗಾಗಿ ಟೊಮೆಟೊ ಸಾಸ್‌ಗೆ ಇನ್ನೊಂದು ಲೋಟ ನೀರು ಬೇಕು. ಕೊಳವೆಗಳು ಪೂರ್ತಿ ಮುಳುಗಿರಬೇಕು, ಒಂದು ತುದಿಯೂ ಹೊರಗೆ ಕಾಣಬಾರದು. ಮುಚ್ಚಿ 35 ನಿಮಿಷ, ತೆರೆದು 10 ನಿಮಿಷ.

ಮೊದಲೇ ಮಾಡಿಡುವುದು, ಉಳಿದದ್ದು

ನೆಂಟರು ಬರುವ ದಿನಕ್ಕೆ ಇದು ಅನುಕೂಲದ ಅಡುಗೆ. ಹಿಂದಿನ ದಿನವೇ ಎಲ್ಲ ಜೋಡಿಸಿ, ಬ್ರೆಡ್ ಪುಡಿ ಹಾಕದೆ, ಮುಚ್ಚಿ ಫ್ರಿಜ್‌ನಲ್ಲಿಡಿ. ರಾತ್ರಿಯೆಲ್ಲ ಪಾಸ್ತಾ ಸಾಸ್ ಹೀರುವುದರಿಂದ ಮರುದಿನ ಸಂದಿಗಳಿಗೆ ನಾಲ್ಕೈದು ದೊಡ್ಡ ಚಮಚ ನೀರು ಅಥವಾ ಹಾಲು ಹನಿಸಬೇಕು. ಮುಚ್ಚಿ ಬೇಯಿಸುವ ಸಮಯಕ್ಕೆ ಹತ್ತು ನಿಮಿಷ ಸೇರಿಸಿ. ಗಾಜಿನ ಪಾತ್ರೆಯನ್ನು ಫ್ರಿಜ್‌ನಿಂದ ತೆಗೆದು ನೇರ ಬಿಸಿ ಓವನ್ನಿಗೆ ಇಡಬೇಡಿ, ಒಡೆಯುತ್ತದೆ. ಸ್ವಲ್ಪ ಹೊತ್ತು ಹೊರಗಿಟ್ಟು ಆಮೇಲೆ ಇಡಿ.

ಬೇಕ್ ಮಾಡದೆ ಎರಡು ಪದರ ಸುತ್ತಿ ಫ್ರೀಜರ್‌ನಲ್ಲಿಟ್ಟರೆ ಎರಡು ತಿಂಗಳವರೆಗೆ ರುಚಿ ಕೆಡುವುದಿಲ್ಲ. ಬೇಕಾದ ಹಿಂದಿನ ರಾತ್ರಿ ಫ್ರಿಜ್‌ಗೆ ಇಳಿಸಿ.

ಬೇಕ್ ಮಾಡಿ ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ ಸೇರಿಸಿ, ಮೂರು ದಿನದೊಳಗೆ ಮುಗಿಸಿ. ಬಿಸಿ ಮಾಡುವಾಗ ಒಂದು ಚಮಚ ನೀರು ಚಿಮುಕಿಸಿ, ಮುಚ್ಚಿ, ಒಳಗಿನವರೆಗೆ ಕಾಯಿಸಿ. ಅರ್ಧ ಬಳಸಿದ ಟ್ಯೂನಾ ಉಳಿದರೆ ತೆರೆದ ಡಬ್ಬಿಯಲ್ಲೇ ಬಿಡಬೇಡಿ. ಗಾಜಿನ ಡಬ್ಬಕ್ಕೆ ಎಣ್ಣೆ ಸಮೇತ ತುಂಬಿ ಫ್ರಿಜ್‌ನಲ್ಲಿಟ್ಟು, ಎರಡು ದಿನದೊಳಗೆ ಖಾಲಿ ಮಾಡಿ.